ಬಾಗಿಲು ತಟ್ಟದ ನಾಲ್ಕು ದಿನ

ಬೆಳಗಿನ ಹತ್ತೂವರೆಗೆ ಇವತ್ತಿಗೂ ನನ್ನ ಎದೆ ಒಮ್ಮೆ ಧಸಕ್ಕೆನ್ನುತ್ತದೆ. ಪಾಠ ಎಷ್ಟೇ ರಂಗೇರಿರಲಿ, ಬೋರ್ಡಿನಿಂದ ಕತ್ತು ತಿರುಗಿಸಿ ಕಿಟಕಿ ಪಕ್ಕದ ಸಾಲಿನ ಮೂರನೇ ಬೆಂಚನ್ನು ನೋಡುತ್ತೇನೆ. ಅಲ್ಲಿ ಈಗ ಬೇರೆ ಮಕ್ಕಳು ಕೂರುತ್ತಾರೆ. ಅವರಿದ್ದಾರೆ ಎಂದು ಕಣ್ಣಾರೆ ಕಂಡ ಮೇಲೆಯೇ ಕೈಯಲ್ಲಿನ ಸೀಮೆಸುಣ್ಣ ಮುಂದಕ್ಕೆ ಹೋಗುವುದು. ಮಿಸ್‌ಗೆ ಕತ್ತು ಉಳುಕಿದೆ ಎಂದು ಮಕ್ಕಳು ತಮ್ಮತಮ್ಮಲ್ಲೇ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ.

ನಾನು ದಕ್ಷಿಣ ಬೆಂಗಳೂರಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತದ ಟೀಚರ್. ಶಾಲೆಯ ಹೆಸರು ಬೇಡ. ನಮ್ಮ ಮಕ್ಕಳ ಅಮ್ಮಂದಿರು ಜೆ.ಪಿ. ನಗರದ ಅಪಾರ್ಟ್‌ಮೆಂಟುಗಳಲ್ಲಿ ಪಾತ್ರೆ ತೊಳೆಯುವವರು, ಅಪ್ಪಂದಿರು ಪೇಂಟಿಂಗ್, ಗಾರೆ ಕೆಲಸ, ಸೆಕ್ಯುರಿಟಿ ಎಂದು ಹೋಗುವವರು. ಕೆಲವರಿಗೆ ಅಪ್ಪ ಇದ್ದಾನೋ ಇಲ್ಲವೋ ಎಂದು ನಾವು ಕೇಳಲು ಹೋಗುವುದಿಲ್ಲ. ಇಂಥ ಶಾಲೆಯಲ್ಲಿ ಹತ್ತನೇ ತರಗತಿಯ ಫಲಿತಾಂಶ ಚೆನ್ನಾಗಿ ಬರಲು ಶುರುವಾದ ಮೇಲೆ ನೋಡಲು ಬರುವವರು ಹೆಚ್ಚಾದರು. ಕಂಪನಿಯವರು ಬರುತ್ತಾರೆ, ತರಬೇತಿಯವರು ಬರುತ್ತಾರೆ. ನಿಮ್ಮ ಗುಟ್ಟೇನು ಎಂದು ಕೇಳುತ್ತಾರೆ. ಕೇಳುತ್ತಲೇ, ತಾವೇ ಕೊಡಿಸಿದ ಸ್ಮಾರ್ಟ್ ಬೋರ್ಡಿನ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ಆ ಬೋರ್ಡು ಕರೆಂಟು ಇದ್ದಾಗ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಸುಳ್ಳು ಹೇಳಬಾರದು.

ಗುಟ್ಟು ಎನ್ನುವುದು ಏನಾದರೂ ಇದ್ದರೆ ಅದು ನಮ್ಮ ಹೆಡ್ ಮೇಡಂ ಮಾಡಿದ ಒಂದು ಕಟ್ಟುಪಾಡು. ಹತ್ತು ಗಂಟೆಗೆ ಹಾಜರಿ. ಯಾವ ಮಗು ಬಂದಿಲ್ಲವೋ ಅದರ ಹೆಸರನ್ನು ಚೀಟಿಯಲ್ಲಿ ಬರೆದು ಬಿಸಿಯೂಟದ ಅಕ್ಕನ ಕೈಗೆ ಕೊಡಬೇಕು. ಊಟದ ವ್ಯಾನು ಬರುವುದರೊಳಗೆ ಅಕ್ಕನೋ ಪಾಠವಿಲ್ಲದ ಟೀಚರೋ ಆ ಮನೆಗೆ ಹೋಗಿ ಬಾಗಿಲು ತಟ್ಟಬೇಕು. ಬೀಗ ಹಾಕಿದ್ದರೆ ಪಕ್ಕದವರನ್ನು ಕೇಳಬೇಕು, ಅಮ್ಮನ ಕೆಲಸದ ಜಾಗಕ್ಕೆ ಫೋನ್ ಮಾಡಬೇಕು. "ಮಗೂನ ಕರ್ಕೊಂಡ್ ಬನ್ನಿ, ಇಲ್ಲಾ ಕಾರಣ ತಗೊಂಡ್ ಬನ್ನಿ. ಬರೀ ಕೈಯಲ್ಲಿ ಮಾತ್ರ ಬರ್ಬೇಡಿ" ಎಂದು ಮೇಡಂ ಹೇಳುತ್ತಿದ್ದರು. ಪೋಷಕರ ಸಭೆಯಲ್ಲಿ ಅವರು ಅಮ್ಮಂದಿರಿಗೆ ಹೇಳಿದ್ದ ಮಾತು ಇನ್ನೊಂದು. "ನಿಮ್ ಮನೆ ಬಾಗಿಲಿಗೆ ನಾವು ಯಾರೂ ಬರ್ಲಿಲ್ಲ, ಫೋನೂ ಬರ್ಲಿಲ್ಲ ಅಂದ್ರೆ ನಿಮ್ ಮಗು ನಮ್ ಹತ್ರಾನೇ ಇದೆ ಅಂತ ಅರ್ಥ. ನೀವು ಧೈರ್ಯವಾಗಿ ಕೆಲಸಕ್ಕೆ ಹೋಗಿ." ಆ ಮಾತನ್ನು ಅಮ್ಮಂದಿರು ಸೆರಗಿನಲ್ಲಿ ಗಂಟು ಹಾಕಿಕೊಂಡು ಹೋಗಿದ್ದರು.

ಮೊದಮೊದಲು ನಾನು ಗೊಣಗಿದ್ದೆ. ಪಾಠ ಮಾಡುವುದೋ, ಬೀದಿ ಸುತ್ತುವುದೋ ಎಂದು ಸ್ಟಾಫ್ ರೂಮಿನಲ್ಲಿ ಜೋರಾಗಿಯೇ ಅಂದಿದ್ದೆ. ಆದರೆ ಒಂದು ವರ್ಷದಲ್ಲಿ ನನ್ನ ತರಗತಿಯಿಂದ ಚೀಟಿ ಹೋಗುವುದೇ ಅಪರೂಪವಾಯಿತು. ಅಕ್ಕ ಬಾಗಿಲಲ್ಲಿ ನಿಂತು "ನಿಮ್ದೇನಿಲ್ವಾ ಮೇಡಂ?" ಎಂದರೆ, "ಏನಿಲ್ಲ ಅಕ್ಕ" ಎನ್ನುವಾಗ ನನಗೆ ಒಳಗೊಳಗೇ ಕೋಡು ಮೂಡುತ್ತಿತ್ತು. ಎಲ್ಲ ಕೆಟ್ಟಿದ್ದು ಆ ಕೋಡಿನಿಂದಲೇ.

ಆ ವರ್ಷದ ಒಂಬತ್ತನೇ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಮೂರನೇ ಬೆಂಚು. ಮಾತು ಕಡಿಮೆ, ಲೆಕ್ಕ ಚುರುಕು. ಅಪ್ಪ ಮನೆಯಲ್ಲಿರಲಿಲ್ಲ. ಅಮ್ಮ ಬೆಳಿಗ್ಗೆ ಆರೂವರೆಗೇ ಕೆಲಸಕ್ಕೆ ಹೊರಡುತ್ತಿದ್ದರು, ಬರುವುದು ಸಂಜೆ ಐದಕ್ಕೆ. ನೀರು ಹಿಡಿದು, ಅಡುಗೆ ಮಾಡಿ, ಪುಟ್ಟ ತಮ್ಮನನ್ನು ಅಂಗನವಾಡಿಗೆ ಬಿಟ್ಟು ಇವಳು ಬರುವ ಹೊತ್ತಿಗೆ ಹತ್ತೂಕಾಲು. ದಿನಾ ಹತ್ತೂಕಾಲು. ಹತ್ತಕ್ಕೇ ಚೀಟಿ ಬರೆದರೆ ಅಕ್ಕ ಸುಮ್ಮನೆ ಬಿಸಿಲಲ್ಲಿ ನಡೆಯಬೇಕು, ನನ್ನ ತರಗತಿಯ ಹೆಸರೂ ಹಾಳು. ಅದಕ್ಕೆ ನಾನು ಒಂದು ಉಪಾಯ ಮಾಡಿಕೊಂಡಿದ್ದೆ. ಅವಳು ಬರುವ ಮೊದಲೇ ಹಾಜರಿ ಹಾಕಿಬಿಡುತ್ತಿದ್ದೆ. ಹೇಗೂ ಬರುತ್ತಾಳೆ. ಬರುತ್ತಲೂ ಇದ್ದಳು. ಇದರಲ್ಲಿ ಮೋಸ ಏನಿದೆ ಎಂದುಕೊಂಡಿದ್ದೆ. ನನ್ನ ಒಳ್ಳೆಯತನಕ್ಕೆ ನಾನೇ ಮೆಚ್ಚಿಕೊಂಡಿದ್ದೆ ಎಂದರೂ ಸರಿಯೇ.

ಒಂದು ಶನಿವಾರ, ಬೆಳಗಿನ ಶಾಲೆ. ಎಂಟು ಗಂಟೆಗೆ ತರಗತಿ, ಅವಳು ಬಂದಿದ್ದು ಒಂಬತ್ತೂಕಾಲಿಗೆ. ಅವತ್ತು ಹೊರಗಿನಿಂದ ಇಬ್ಬರು ಬಂದು ಹಿಂದಿನ ಬೆಂಚಿನಲ್ಲಿ ಕೂತು ನನ್ನ ಪಾಠ ನೋಡುತ್ತಿದ್ದರು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ನನ್ನನ್ನು ಬಲ್ಲವರಿಗೆಲ್ಲ ಅದು ಗೊತ್ತು. ಬಾಗಿಲಲ್ಲೇ ನಿಲ್ಲಿಸಿ ಎಲ್ಲರೆದುರು ಅಂದುಬಿಟ್ಟೆ. "ಏನಿದು, ಮಾವನ ಮನೆ ಅಂದ್ಕೊಂಡಿದ್ದೀಯಾ? ಸೋಮವಾರದಿಂದ ಲೇಟಾದ್ರೆ ಒಳಗೆ ಬರ್ಲೇಬೇಡ. ಹಾಗಿಂದ ಹಾಗೇ ಹೊರಟ್ಹೋಗು." ಅವಳು ತಲೆತಗ್ಗಿಸಿ ಹೋಗಿ ಕೂತಳು. ನಾನು ಸಮೀಕರಣಕ್ಕೆ ಮರಳಿದೆ. ಮಾತು ಆಡಿದರೆ ಹೋಯಿತು ಎಂದು ಮಕ್ಕಳಿಗೆ ಗಾದೆ ಹೇಳುವವರು ನಾವೇ. ಆ ಮಾತನ್ನು ಬಾಯಿಂದ ಬಿದ್ದ ಮರುಗಳಿಗೆಯೇ ನಾನು ಮರೆತಿದ್ದೆ.

ಸೋಮವಾರ ಎಂದಿನಂತೆ ಮೊದಲೇ ಹಾಜರಿ ಹಾಕಿದೆ. ಹತ್ತೂಕಾಲಾಯಿತು, ಹತ್ತೂವರೆಯಾಯಿತು, ಅವಳು ಬರಲಿಲ್ಲ. ರಿಜಿಸ್ಟರಿನಲ್ಲಿ ಒಮ್ಮೆ ಬರೆದದ್ದನ್ನು ತಿದ್ದಬೇಕಾದರೆ ಹೆಡ್ ಮೇಡಂ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಸಹಿ ಹಾಕಬೇಕು, ಯಾಕೆ ಎಂದು ಕೇಳುತ್ತಾರೆ. ಇಲಾಖೆಯ ಮೊಬೈಲ್ ಆ್ಯಪಿನಲ್ಲೂ ಹಾಜರಿ ಒತ್ತಿಯಾಗಿತ್ತು. ನಾಳೆ ಬರುತ್ತಾಳೆ ಬಿಡು ಎಂದುಕೊಂಡೆ. ಮಂಗಳವಾರವೂ ಬರಲಿಲ್ಲ. ಅಂದು ಹಾಜರಿ ಹಾಕುವಾಗ ಕೈ ಸ್ವಲ್ಪ ತಡೆಯಿತು. ಅಂದು ಗೈರು ಎಂದು ಬರೆದರೆ ಅಕ್ಕ ಮನೆಗೆ ಹೋಗುತ್ತಾಳೆ, ಸೋಮವಾರವೂ ಬಂದಿರಲಿಲ್ಲ ಎನ್ನುವುದು ಹೊರಬೀಳುತ್ತದೆ. ಬರೆದೆ, ಹಾಜರಿ ಎಂದೇ ಬರೆದೆ. ಬುಧವಾರ ತಿದ್ದುವುದು ಇನ್ನೂ ಕಷ್ಟವಾಯಿತು, ಹಾಜರಿಯನ್ನು ಇನ್ನೂ ಸುಲಭವಾಗಿ ಬರೆದೆ.

ಆ ಮೂರು ದಿನ ನನಗೆ ಭಯವಿರಲಿಲ್ಲ ಎಂದಲ್ಲ. ಆದರೆ ಭಯ ಯಾರಿಗಾಗಿ? ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ನನಗಾಗಿ. ಮೆಮೊ ಬಂದೀತು, ಸಸ್ಪೆಂಡ್ ಮಾಡಿಯಾರು, ಸ್ಟಾಫ್ ರೂಮಿನಲ್ಲಿ ತಲೆ ಎತ್ತುವುದು ಹೇಗೆ ಎನ್ನುವ ಭಯ. ಹೆಡ್ ಮೇಡಂ ಸುಮ್ಮನೆ ಕಾರಿಡಾರಿನಲ್ಲಿ ನಡೆದರೂ ರಿಜಿಸ್ಟರ್ ಮುಚ್ಚಿಡುತ್ತಿದ್ದೆ. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಹುಡುಗಿಗೆ ಜ್ವರವಿರಬೇಕು, ನೆಂಟರ ಮನೆಗೆ ಹೋಗಿರಬೇಕು ಎಂದು ಅವಳ ಪರವಾಗಿ ನಾನೇ ಕಾರಣಗಳನ್ನು ಕಟ್ಟಿಕೊಂಡೆ.

ಗುರುವಾರ ಮಧ್ಯಾಹ್ನ ಊಟದ ಹೊತ್ತಿಗೆ ಅಕ್ಕ ನನ್ನ ಹತ್ತಿರ ಬಂದಳು. ನಮ್ಮಲ್ಲಿ ಅನ್ನ ಸಾರು ವ್ಯಾನಿನಲ್ಲಿ ಬರುತ್ತದೆ, ಮೊಟ್ಟೆ ಮಾತ್ರ ಶಾಲೆಯಲ್ಲೇ ಬೇಯುತ್ತದೆ. ಹಾಜರಿ ನೋಡಿ ಒಂದೊಂದು ತರಗತಿಗೆ ಒಂದೊಂದು ಬೇಸಿನ್ನಿನಲ್ಲಿ ಎಣಿಸಿ ಇಡುವುದು ಅಕ್ಕನ ಪದ್ಧತಿ, ತಿನ್ನದವರಿಗೆ ಬಾಳೆಹಣ್ಣು. ಅವಳು ನನ್ನ ತರಗತಿಯ ಬೇಸಿನ್ ತಂದು ಮೇಜಿನ ಮೇಲಿಟ್ಟಳು. ಅದರ ತಳದಲ್ಲಿ ಒಂದೇ ಒಂದು ಮೊಟ್ಟೆ ಇತ್ತು.

"ನಿಮ್ ಕ್ಲಾಸಿಂದು ಉಳೀತು ಮೇಡಂ."

"ಯಾರೋ ಬೇಡ ಅಂದಿರ್ಬೇಕು ಅಕ್ಕ."

"ಸೋಮವಾರಾನೂ ಒಂದು ಉಳೀತು. ನಿನ್ನೆ ಮೊನ್ನೆ ಕೂಡ. ಬೇಡ ಅನ್ನೋ ಮಕ್ಕಳು ನಮ್ ಸ್ಕೂಲಲ್ಲಿ ಯಾರಿದ್ದಾರೆ ಹೇಳಿ?" ಅವಳು ದನಿ ತಗ್ಗಿಸಿದಳು. "ಮೂರನೇ ಬೆಂಚಿನ ಹುಡುಗಿ ಕಾಣ್ತಿಲ್ಲ."

ನಾನು ಏನು ಹೇಳಿದೆ ಗೊತ್ತೇ? "ಅಕ್ಕಾ, ಯಾರಿಗೂ ಹೇಳ್ಬೇಡಿ" ಎಂದೆ.

ಅಕ್ಕ ನನ್ನ ಮುಖವನ್ನೇ ನೋಡಿದಳು. "ನಾನ್ಯಾಕೆ ಹೇಳ್ಲಿ? ನಾನ್ ಸುಮ್ನಿರ್ತೀನಿ. ಆದ್ರೆ ಮಗು ಎಲ್ಲಿ ಮೇಡಂ?"

ನಾಲ್ಕು ದಿನದಲ್ಲಿ ನಾನು ನನ್ನನ್ನು ಒಮ್ಮೆಯೂ ಕೇಳಿಕೊಳ್ಳದ ಪ್ರಶ್ನೆ ಅದು. ಆಗ ಹಿಡಿಯಿತು ನೋಡಿ, ನಿಜವಾದ ಭಯ. ಅದರ ಮುಂದೆ ಹಿಂದಿನದೆಲ್ಲ ಮಕ್ಕಳಾಟ. ಹದಿನಾಲ್ಕು ವರ್ಷದ ಹುಡುಗಿ. ನಾಲ್ಕು ದಿನ. ಯಾರೂ ಹುಡುಕಿಲ್ಲ, ಯಾಕೆಂದರೆ ಅವಳು ಶಾಲೆಯಲ್ಲಿದ್ದಾಳೆ ಎಂದು ನಾನು ಬರೆದಿದ್ದೆ.

ಹೆಡ್ ಮೇಡಂ ಕೋಣೆಗೆ ಹೋಗಿ ನಿಂತುಕೊಂಡೇ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಪೆನ್ನಿನ ಕ್ಯಾಪ್ ಹಾಕಿ ಮೇಜಿನ ಮೇಲಿಟ್ಟರು. "ಮೊದ್ಲು ಮಗು. ನಿಮ್ ವಿಷಯ ಆಮೇಲೆ. ಅಕ್ಕನ್ನ ಕರ್ಕೊಂಡು ಈಗ್ಲೇ ಹೊರಡಿ. ಮೂರು ಗಂಟೆ ಒಳಗೆ ಸಿಗ್ಲಿಲ್ಲ ಅಂದ್ರೆ ನಾನು ಅವರಮ್ಮನಿಗೆ ಹೇಳಿ ಸ್ಟೇಷನ್‌ಗೆ ಹೋಗ್ತೀನಿ."

ಅವಳ ಮನೆ ಚಿಕ್ಕಲಸಂದ್ರದಲ್ಲಿ, ತಗಡಿನ ಮಾಡಿನ ಒಂದು ವಠಾರ. ಬಾಗಿಲೂ ತಗಡಿನದೇ. ಬೀಗ ಹಾಕಿತ್ತು. ವಠಾರದ ಓನರ್ ಹಳೇ ಊರಿನವರು, ಆ ಜಾಗದಲ್ಲಿ ಹಿಂದೆ ಅವರದೇ ರಾಗಿ ಹೊಲವಿತ್ತಂತೆ. ಗೇಟಿನ ಬಳಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದರು.

"ಆ ಹುಡುಗೀನಾ? ಸ್ಕೂಲಿಗೆ ಹೋದ್ಲಲ್ಲ ಮೇಡಂ" ಎಂದರು. "ಬೆಳಿಗ್ಗೆ ಯೂನಿಫಾರಂ ಹಾಕ್ಕೊಂಡು, ಬ್ಯಾಗ್ ಹಾಕ್ಕೊಂಡು, ತಮ್ಮನ ಕೈ ಹಿಡ್ಕೊಂಡು ಹೋದ್ಲು. ದಿನಾ ಹೋಗ್ತಾಳೆ."

"ನಿನ್ನೇನೂ ಹೋದ್ಲಾ ಅಣ್ಣ?"

"ನಿನ್ನೆ ಹೋದ್ಲು, ಮೊನ್ನೆ ಹೋದ್ಲು. ಸಂಜೆ ಬರ್ತಾಳೆ. ಯಾಕೆ, ನಿಮ್ ಸ್ಕೂಲಿಗೆ ಬರ್ತಿಲ್ವಾ?"

ಮನೆಯ ಲೆಕ್ಕದಲ್ಲಿ ಅವಳು ಶಾಲೆಯಲ್ಲಿದ್ದಳು, ಶಾಲೆಯ ಲೆಕ್ಕದಲ್ಲೂ ಶಾಲೆಯಲ್ಲಿದ್ದಳು. ಇನ್ನು ಅವಳಿಗೆ ಏನಾದರೂ ಅದನ್ನು ಕೇಳುವವರೇ ಇರಲಿಲ್ಲ. ಅಕ್ಕ ಮಾತ್ರ ನಿಲ್ಲಲಿಲ್ಲ, ನನ್ನ ರಟ್ಟೆ ಹಿಡಿದು ಅಂಗನವಾಡಿಗೆ ಎಳೆದುಕೊಂಡು ಹೋದಳು. ತಮ್ಮ ಅಲ್ಲೇ ಚಾಪೆಯ ಮೇಲೆ ಮಲಗಿದ್ದ. ಈ ಎರಡು ಮೂರು ದಿನದಿಂದ ಹುಡುಗಿ ಅವನನ್ನು ಬಿಟ್ಟು ಶಾಲೆಯ ಕಡೆಗಲ್ಲ, ಬಸ್ ಸ್ಟಾಪಿನ ಕಡೆ ಹೋಗುತ್ತಾಳೆ ಎಂದು ಅಲ್ಲಿನ ಟೀಚರ್ ಹೇಳಿದರು. ಬನಶಂಕರಿ ಬಸ್ ಹತ್ತುವುದನ್ನು ಒಂದೆರಡು ಸಲ ನೋಡಿದ್ದರಂತೆ. ಹೆಂಗಸರಿಗೆ ಟಿಕೆಟ್ ಫ್ರೀ. ಆಧಾರ್ ತೋರಿಸಿದರೆ ಯಾವ ಹುಡುಗಿ ಎಲ್ಲಿಗೆ ಬೇಕಾದರೂ ಹೋಗಬಹುದು. ಅಲ್ಲಿಯವರೆಗೆ ಅದನ್ನು ಒಳ್ಳೆಯ ಸಂಗತಿ ಎಂದಷ್ಟೇ ನಾನು ತಿಳಿದಿದ್ದೆ.

ನಾವೂ ಬನಶಂಕರಿ ಬಸ್ ಹತ್ತಿದೆವು. ಫುಟ್‌ಪಾತಿನಲ್ಲಿ ನಮ್ಮ ಯೂನಿಫಾರಮ್ಮಿನ ನೀಲಿ ಬಣ್ಣ ಕಂಡರೆ ಎದ್ದು ನಿಲ್ಲುತ್ತಿದ್ದೆ. ಬನಶಂಕರಿ ಬಸ್ ನಿಲ್ದಾಣದಲ್ಲಿ ಇಳಿದಾಗ ಆ ಜನ ನೋಡಿ ಎದೆ ಒಡೆಯಿತು. ಮೆಟ್ರೋದಿಂದ ಇಳಿಯುವವರು, ಬಸ್ಸಿಗೆ ಓಡುವವರು, ಹೂವಿನವರು, ಯಾರೂ ಯಾರ ಮುಖವನ್ನೂ ನೋಡದ ಜಾಗ. ಒಂದು ಪ್ಲಾಟ್‌ಫಾರಂ, ಇನ್ನೊಂದು ಪ್ಲಾಟ್‌ಫಾರಂ. ಬನಶಂಕರಮ್ಮನಿಗೆ ನಾನು ಹೊತ್ತ ಹರಕೆಗಳಿಗೆ ಲೆಕ್ಕವಿಲ್ಲ.

ಕಂಡದ್ದು ಅಕ್ಕನಿಗೆ. "ಅಗೋ" ಎಂದಳು. ಕಡೆಯ ಬೆಂಚಿನಲ್ಲಿ, ಕಂಬಕ್ಕೆ ಒರಗಿ, ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನನ್ನನ್ನು ಕಂಡದ್ದೇ ತಟಕ್ಕನೆ ಎದ್ದು ನಿಂತಳು, ತರಗತಿಯಲ್ಲಿ ನಿಲ್ಲುವ ಹಾಗೆ. ನಾನು ಅವಳಿಗಾಗಿ ಹೆದರಿ ಓಡಿಬಂದಿದ್ದೆ, ಅವಳು ಹೆದರಿದ್ದು ನನ್ನನ್ನು ಕಂಡು.

"ಲೇಟಾಗಿತ್ತು ಮಿಸ್" ಎಂದಳು. "ಸೋಮವಾರ ಗೇಟ್ ತನಕ ಬಂದಿದ್ದೆ ಮಿಸ್. ಬೆಲ್ ಆಗ್ಬಿಟ್ಟಿತ್ತು. ಲೇಟಾದ್ರೆ ಬರ್ಲೇಬೇಡ ಅಂತ ನೀವೇ ಹೇಳಿದ್ರಲ್ಲ ಮಿಸ್."

ಅಕ್ಕ ಅವಳ ತಲೆ ಸವರಿ, "ಬಾ ಮಗಾ, ಹೋಗೋಣ" ಎಂದು ಬ್ಯಾಗ್ ಎತ್ತಿಕೊಂಡಳು. ಎತ್ತಿದವಳು ಹಾಗೇ ನಿಂತಳು. ಪುಸ್ತಕದ ಭಾರವಿರಲಿಲ್ಲ. ಜಿಪ್ ಎಳೆದಳು. ಒಳಗೆ ಎರಡು ಜೊತೆ ಚೂಡಿದಾರ್, ಒಂದು ಟವಲ್, ಬಾಚಣಿಗೆ.

"ಇದೇನೇ ಇದು?"

"ಒಬ್ರು ಆಂಟಿ ಸಿಕ್ಕಿದ್ರು. ಮಂಗಳವಾರ ಇಲ್ಲೇ ಕೂತಿದ್ದಾಗ ಮಾತಾಡ್ಸಿದ್ರು. ಒಂದು ದೊಡ್ಡ ಮನೇಲಿ ಪಾಪು ನೋಡ್ಕೊಳ್ಳೋ ಕೆಲಸ ಇದೆಯಂತೆ. ಅಲ್ಲೇ ಇರ್ಬಹುದಂತೆ. ಬಟ್ಟೆ ತಗೊಂಡು, ಆಧಾರ್ ತಗೊಂಡು ಇವತ್ತು ಹನ್ನೆರಡಕ್ಕೆ ಬಾ ಅಂದಿದ್ರು." ಅವಳು ಬಸ್ಸುಗಳ ಕಡೆ ನೋಡಿದಳು. "ಇನ್ನೂ ಬಂದಿಲ್ಲ."

"ಎಲ್ಲಿ ಆ ಮನೆ?"

"ಗೊತ್ತಿಲ್ಲ ಮಿಸ್. ತಮ್ಮನ್ನ ಸಂಜೆ ಕರ್ಕೊಂಡ್ ಬನ್ನಿ ಅಂತ ಪಕ್ಕದ್ಮನೆ ಆಂಟಿಗೆ ಹೇಳಿದ್ದೀನಿ. ಅಮ್ಮಂಗೆ ಆಮೇಲೆ ಫೋನ್ ಮಾಡೋಣ ಅಂತ ಆ ಕೆಲಸದ ಆಂಟಿ ಅಂದಿದ್ರು."

ನಿಲ್ದಾಣದ ಗಡಿಯಾರದಲ್ಲಿ ಆಗ ಎರಡು ಗಂಟೆ. ನಮ್ಮ ಕಡೆ ನಡೆದುಬರುತ್ತಿದ್ದ ಪ್ರತಿಯೊಬ್ಬ ಹೆಂಗಸೂ ನನಗೆ ಆ ಆಂಟಿಯಂತೆಯೇ ಕಂಡಳು. ಹುಡುಗಿಯ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ, "ನೋಯ್ತಿದೆ ಮಿಸ್" ಎಂದಳು. ಆ ಆಂಟಿ ಯಾರು ಎನ್ನುವುದು ಇವತ್ತಿಗೂ ಗೊತ್ತಿಲ್ಲ. ಹೆಡ್ ಮೇಡಂ ಸ್ಟೇಷನ್ನಿಗೆ ತಿಳಿಸಿದರು, ಪೊಲೀಸರು ಎರಡು ದಿನ ಬಂದು ಹೋದರು, ಯಾರೂ ಸಿಗಲಿಲ್ಲ. ನಿಜವಾಗಿಯೂ ಪಾಪು ನೋಡಿಕೊಳ್ಳುವ ಕೆಲಸವೇ ಇತ್ತೋ ಏನೋ. ಅವತ್ತು ಆ ಆಂಟಿ ಯಾಕೆ ಬರಲಿಲ್ಲವೋ. ಅವಳ ಬಸ್ಸು ತಪ್ಪಿರಬಹುದು, ಅಷ್ಟೇ. ಆ ಒಂದು ಬಸ್ಸು ತಪ್ಪದೇ ಇದ್ದಿದ್ದರೆ ಎಂದು ಈಗಲೂ ಯೋಚಿಸುತ್ತೇನೆ.

ಸಂಜೆ ಹೆಡ್ ಮೇಡಂ ನನ್ನನ್ನು ಆ ಮನೆಗೆ ಕಳಿಸಿದರು. "ಅವರಮ್ಮನಿಗೆ ನೀವೇ ಹೇಳ್ಬೇಕು. ಪೂರ್ತಿ" ಎಂದರು. ಅಮ್ಮ ಆಗಷ್ಟೇ ಕೆಲಸದಿಂದ ಬಂದಿದ್ದರು. ಮಗಳನ್ನು ನಾವು ನಿಲ್ದಾಣದಿಂದ ಕರೆತಂದ ಸುದ್ದಿ ಅಷ್ಟರಲ್ಲೇ ಓನರ್ ಬಾಯಿಂದ ಮುಟ್ಟಿತ್ತು. ನನ್ನ ಕಾಲಿಗೆ ಬೀಳಲು ಬಂದರು. "ದೇವ್ರು ಬಂದಂಗೆ ಬಂದ್ರಿ ಮೇಡಂ. ಹುಡುಕ್ಕೊಂಡ್ ಹೋಗಿ ಕರ್ಕೊಂಡ್ ಬಂದ್ರಿ."

ಅಲ್ಲಿಗೇ ಸುಮ್ಮನಾಗಬಹುದಿತ್ತು. ಸುಮ್ಮನಾಗಬೇಕು ಎಂದು ನಾಲಿಗೆ ಎಷ್ಟು ಆಸೆಪಟ್ಟಿತು. ನಾನು ಅವರ ತೋಳು ಹಿಡಿದು ಎಬ್ಬಿಸಿ, ಶನಿವಾರದ ಮಾತಿನಿಂದ ಗುರುವಾರದ ಮೊಟ್ಟೆಯವರೆಗೆ ಎಲ್ಲವನ್ನೂ ಹೇಳಿದೆ. ಅವರು ಕೂಗಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ಕೂಗಲಿಲ್ಲ. "ನೀವು ಯಾರೂ ಬರ್ಲಿಲ್ಲ, ಫೋನೂ ಬರ್ಲಿಲ್ಲ" ಎಂದರು. "ಅದಕ್ಕೇ ನಾನು ಧೈರ್ಯವಾಗಿದ್ದೆ."

ಮರುದಿನ ರಿಜಿಸ್ಟರಿನ ಆ ನಾಲ್ಕು ದಿನದ ಚೌಕಗಳಿಗೂ ಕೆಂಪು ಶಾಯಿ ಬಿತ್ತು. ನನಗೆ ಮೆಮೊ ಬಂತು, ಉತ್ತರ ಬರೆದೆ, ಇನ್‌ಕ್ರಿಮೆಂಟ್ ಒಂದು ನಿಂತಿತು. ಹೆಡ್ ಮೇಡಂ ಕಟ್ಟುಪಾಡಿಗೆ ಇನ್ನೊಂದನ್ನು ಸೇರಿಸಿದರು. ಯಾವ ಹೊತ್ತಿಗೆ ಬಂದರೂ ಮಗು ಸೀದಾ ಒಳಗೆ ಬರಬೇಕು, ಯಾಕೆ ಲೇಟು ಎನ್ನುವುದನ್ನು ಊಟವಾದ ಮೇಲೆ ಕೇಳಬೇಕು. ಅಂಗನವಾಡಿಗೆ ರಜೆ ಇದ್ದರೆ ತಮ್ಮ ತಂಗಿಯನ್ನೂ ಕರೆತರಬಹುದು. ಆ ಹುಡುಗಿಯ ತಮ್ಮ ಎಷ್ಟೋ ಶನಿವಾರ ನನ್ನ ಗಣಿತದ ಪೀರಿಯಡ್ಡಿನಲ್ಲಿ ನಿದ್ದೆ ಮಾಡಿದ್ದಾನೆ, ಬೇರೆ ಕೆಲವರಂತೆಯೇ.

ಆ ಮುಂದಿನ ಸೋಮವಾರ ಹತ್ತೂವರೆಗೆ ನನ್ನ ಫೋನ್ ಬಡಿಯಿತು. ಅವಳ ಅಮ್ಮ, ಜೆ.ಪಿ. ನಗರದ ಯಾವುದೋ ಅಡುಗೆಮನೆಯಿಂದ. "ಮೇಡಂ, ನನ್ ಮಗಳು ಇದ್ದಾಳಾ?" ನಾನು ತಿರುಗಿ ಮೂರನೇ ಬೆಂಚು ನೋಡಿದೆ. "ಇದ್ದಾಳೆ ಅಮ್ಮ." ಫೋನ್ ಕಟ್ಟಾಯಿತು. ಮಂಗಳವಾರವೂ ಹತ್ತೂವರೆ, ಬುಧವಾರವೂ. ನಮಸ್ಕಾರವಿಲ್ಲ, ಹೇಗಿದ್ದೀರಿ ಎಂದಿಲ್ಲ, ಅದೊಂದೇ ಪ್ರಶ್ನೆ. ಬಾಗಿಲು ತಟ್ಟದಿದ್ದರೆ ಮಗು ಶಾಲೆಯಲ್ಲಿದೆ ಎನ್ನುವ ಮಾತನ್ನು ಆಕೆ ನಂಬುವುದು ಬಿಟ್ಟಿದ್ದರು. ಫೋನ್ ಬರುವ ಐದು ನಿಮಿಷ ಮೊದಲೇ ನಾನು ಮೂರನೇ ಬೆಂಚಿನತ್ತ ತಿರುಗುತ್ತಿದ್ದೆ. ಹೀಗೇ ಮಳೆಗಾಲ ಮುಗಿದು ದೀಪಾವಳಿಯೂ ಕಳೆಯಿತು.

ಆಮೇಲೆ ಒಂದು ದಿನ ಹತ್ತೂಕಾಲಾದರೂ ಆ ಬೆಂಚಿನಲ್ಲಿ ಅವಳ ಜಾಗ ಖಾಲಿ ಇತ್ತು. ಗೈರು ಎಂದು ಬರೆದೆ. ಚೀಟಿ ಕೊಟ್ಟೆ. ಅಕ್ಕ ಚಪ್ಪಲಿ ಮೆಟ್ಟಿ ಓಡಿದಳು. ಹತ್ತೂವರೆಗೆ ಫೋನ್ ಬಂತು.

"ಮೇಡಂ, ನನ್ ಮಗಳು ಇದ್ದಾಳಾ?"

ಬರ್ತಾಳೆ ಬಿಡಿ ಅಮ್ಮ, ಈಗ ಬರೋ ಹೊತ್ತು. ಅದು ನಾಲಿಗೆಯ ತುದಿಯವರೆಗೂ ಬಂದಿತ್ತು. ಕಣ್ಣ ಮುಂದೆ ಆ ಬ್ಯಾಗು, ಆ ಮಡಿಸಿಟ್ಟ ಬಟ್ಟೆ.

"ಇಲ್ಲಮ್ಮ" ಎಂದೆ. "ಇವತ್ತು ಬಂದಿಲ್ಲ. ಎಲ್ಲಿದ್ದಾಳೆ ಅಂತ ನಂಗೆ ಗೊತ್ತಿಲ್ಲ. ಅಕ್ಕ ನಿಮ್ ಮನೆಗೆ ಹೊರಟಿದ್ದಾರೆ. ನಾನೂ ಹೊರಡ್ತೀನಿ."

ಆ ಕಡೆ ಆಕೆ ಬಿದ್ದುಬಿಟ್ಟರೇನೋ ಎಂದು ನಾನು ಹಲೋ ಹಲೋ ಎಂದೆ.

"ಇಲ್ಲೇ ಇದ್ದಾಳೆ ಮೇಡಂ" ಎಂದರು ಆಕೆ ನಿಧಾನವಾಗಿ. "ರಾತ್ರಿಯಿಂದ ಜ್ವರ. ನಾನೂ ಕೆಲಸಕ್ಕೆ ಹೋಗ್ಲಿಲ್ಲ, ಪಕ್ಕದಲ್ಲೇ ಕೂತಿದ್ದೀನಿ. ನೀವೇನ್ ಹೇಳ್ತೀರ ಅಂತ ನೋಡೋಣ ಅಂತ ಮಾಡ್ದೆ."

ಅಷ್ಟರಲ್ಲಿ ಫೋನಿನೊಳಗಿಂದ ತಗಡಿನ ಬಾಗಿಲು ದಡದಡ ಸದ್ದು ಮಾಡಿತು. ಅದರ ಹಿಂದೆಯೇ ಏದುಸಿರು ಬಿಡುತ್ತಾ ಹುಡುಗಿಯ ಹೆಸರು ಕೂಗುವ ಅಕ್ಕನ ದನಿ.

"ಬಂದ್ರು ಮೇಡಂ" ಎಂದರು ಅಮ್ಮ. "ಇಡ್ತೀನಿ. ಬಾಗಿಲು ತೆಗೀಬೇಕು."

ಮರುದಿನದಿಂದ ಅವರ ಫೋನ್ ಬರಲಿಲ್ಲ.